ಗೋಲಿಸೋಡಾದ ಗೋಲಿ

ನೀರಡಿಸಿದವರಿಗೆ ಒಂದು ತಂಬಿಗಿ ನೀರು ಸಾಕು. ಆದ್ರ ಗೋಲಿಸೋಡಾ ಗಾಡಿ ಮುಂದ ನಿಂತವರು ಬರೇ ನೀರಡಿಕಿಗೆ ನಿಂತಿರಂಗಿಲ್ಲ ನೋಡ್ರಿ, ಆ ‘ಟುಸ್’ ಅನ್ನೋ ಸಪ್ಪಳಕ್ಕ ಕಾಯ್ತಿರ್ತಾರ. ಆ ಸಪ್ಪಳದ ಹಿಂದ ದೊಡ್ಡ ಇತಿಹಾಸನಽ ಅದ.

1767ರಾಗ ಇಂಗ್ಲೆಂಡಿನ ಲೀಡ್ಸ್ ಊರಾಗ ಜೋಸೆಫ್ ಪ್ರೀಸ್ಟ್ಲಿ ಅನ್ನೋ ಪಾದ್ರಿ ಇದ್ದಾ. ಅವನ ಮನಿ ಬಾಜೂಕ ಬಿಯರ್ ತಯಾರಿಸೋ ಜಾಗಾ. ಅಲ್ಲೆ ಹುದುಗೋ ಪೀಪಾಯಿ ಮ್ಯಾಲ ನಿಲ್ಲೋ ಗ್ಯಾಸನ್ನ ನೀರಿಗೆ ಬೆರಸಿ ನೋಡಿದಾ. ಹಿಂಗ ಸೋಡಾ ಹುಟ್ಟಿತು. ಗ್ಯಾಸ್ ಹೊಗಸೋದು ಬಂತು ಖರೆ, ಹಿಡದಿಡೋದು ಹೆಂಗ? ಬೆಂಡಿನ ಬೂಚು ಒಣಗಿದ್ರ ಸೋರೇ ಬಿಡ್ತಿತ್ತು. ಬೂಚು ಹಸೀನಽ ಇರಲಿ ಅಂತ ತತ್ತಿ ಆಕಾರದ ಬಾಟ್ಲಿ ಮಾಡಿ ಮಲಗಿಸಿಡ್ತಿದ್ರು! ಬಾಣಂತಿ ಹಂಗ.

1872ರಾಗ ಹಿರಾಮ್ ಕಾಡ್ ಅನ್ನೋ ಇಂಗ್ಲಿಷರಂವ ಗೋಲಿ ಬಾಟ್ಲಿಗೆ ಪೇಟೆಂಟ್ ತಗೊಂಡಾ. ಕಳ್ಳನ್ನಽ ಕಾವಲಿಗೆ ಇಟ್ಟಂಥ ಉಪಾಯ ಅದು. ಬಾಟ್ಲಿ ತಲಿಕೆಳಗ ಮಾಡಿ ತುಂಬ್ತಾರ, ಗೋಲಿ ಉರುಳಿ ಬಂದು ಕುತಗಿಯೊಳಗಿನ ರಬ್ಬರ್ ಉಂಗುರಕ್ಕ ಕೂಡ್ತದ. ಓಡಿ ಹೋಗ್ಲಿಕ್ಕೆ ನೋಡೋ ಗ್ಯಾಸೇ ಅದನ್ನ ಒತ್ತಿ ಹಿಡೀತದ. ಎಷ್ಟು ಜೋರು ಮಾಡ್ತದೋ ಅಷ್ಟು ಬಿಗಿ.

ಇಪ್ಪತ್ತು ವರ್ಷಕ್ಕ, 1892ರಾಗ, ಅಮೇರಿಕಾದ ವಿಲಿಯಂ ಪೇಂಟರ್ ತಗಡಿನ ಮುಚ್ಚಳ ತಂದಾ. ಅಗ್ಗ, ಲಗೂ ಆಗೋ ಕೆಲಸ, ಬಾಟ್ಲಿ ತೊಳೆಯೋದೂ ಸಸಾರ. ಬ್ರಿಟನ್ನಿನಾಗ ಗೋಲಿ ಬಾಟ್ಲಿ ಮೂಲಿ ಸೇರಿತು. ಲೆಕ್ಕದ ಪ್ರಕಾರ ನಮ್ಮಲ್ಲೂ ಸೇರಬೇಕಿತ್ತು, ಸೇರಲಿಲ್ಲ. ರೊಕ್ಕದ ಕಾರಣ ಒಂದು ಇತ್ತು: ಅದಽ ಬಾಟ್ಲಿ, ಅದಽ ಗೋಲಿ, ಮತ್ತ ಮತ್ತ ತುಂಬಬಹುದು, ಕೈಲೆ ತಿರಗಸೋ ಒಂದು ಮಷಿನ್ ಇದ್ರ ಸಣ್ಣ ಮನಿಯೊಳಗೂ ಧಂಧೆ ನಡೀತದ. ಆದ್ರ ರೊಕ್ಕದ ಮಾತೇ ಎಲ್ಲಾ ಅಂದ್ರ ನಾ ಒಪ್ಪಂಗಿಲ್ಲ. ಜಪಾನದಾಗ ‘ರಾಮುನೆ’ ಅಂತ ಇದಽ ಗೋಲಿ ಬಾಟ್ಲಿ ಬ್ಯಾಸಿಗಿ ಜಾತ್ರಿಯೊಳಗ ಈಗೂ ಮಾರ್ತಾರ. ಅವರಿಗೇನು ಮುಚ್ಚಳಕ್ಕ ಬಡತನ ಇತ್ತೇನ್ರಿ?

ಕುಡಿಯೋ ರೀತಿನಾರ ನೋಡ್ರಿ. ಹೆಬ್ಬಟ್ಟಿಲೆ ಒತ್ತಬೇಕು, ಟುಸ್ ಅನ್ನಬೇಕು, ನೊರಿ ಇಳಿಯೋ ತನಕ ಬೆರಳು ತಗೀಬಾರದು. ಬಾಯಿಗೆ ಹಚ್ಚಿದ್ರ ಗೋಲಿ ಅಡ್ಡ ಬರ್ತದ. ಕುತಗಿಯೊಳಗ ಎರಡು ತಗ್ಗು ಮಾಡಿರ್ತಾರ, ಆ ಕಡೆ ಹೊಳ್ಳಿಸಿದ್ರ ಗೋಲಿ ಅಲ್ಲೆ ಕೂತು ದಾರಿ ಬಿಡ್ತದ. ಗಟಗಟ ಕುಡಿಯೋರಿಗೆ ಇದು ಆಗಿ ಬರಂಗಿಲ್ಲ. ನಮ್ಮನಿಯವರು “ಗ್ಲಾಸಿಗೆ ಹಾಕಿ ಕೊಡಪಾ ತಮ್ಮಾ” ಅಂತಾರ. ಹತ್ತು ಸೆಕೆಂಡಿನಾಗ ಮುಗಿಸಿ, ನನ್ನ ಮಾರಿ ನೋಡಕೋತ ನಿಂತಿರ್ತಾರ.

ಮೊದಲೆಲ್ಲಾ ಗಾಡಿಯಂವ “ಅಕ್ಕಾರ, ಇಲ್ಲೇ ಕುಡದು ಬಾಟ್ಲಿ ಕೊಡ್ರಿ” ಅಂತಿದ್ದಾ. ಸೋಡಾಕ್ಕಿಂತ ಬಾಟ್ಲಿಗೇ ಕಿಮ್ಮತ್ತು. ಗೋಲಿ ಆಸೇಕ್ಕ ಬಾಟ್ಲಿ ಒಡೆಯೋ ಹುಡುಗೂರ ಮ್ಯಾಲ ಅವನ ಕಣ್ಣು ಇರತಿತ್ತು. ಹಿಂಗಾಗಿ ಬಿಸಲಿರಲಿ, ಧೂಳಿರಲಿ, ಅಲ್ಲೇ ನಿಂತು ನಾಕು ಮಂದಿ ಜೋಡಿ ಮಾತಾಡಕೋತ ಕುಡೀಬೇಕಿತ್ತು.

ಈಗ ಮನಿಗೆ ಒಯ್ಯೋವಂಥ ಗೋಲಿಸೋಡಾನೂ ಬಂದಾವ. ಮಗಾ ಆರು ತಂದಿಟ್ಟಾನ. ಫ್ರಿಜ್ಜಿನಾಗ ಕೂತು ಎಂಟು ದಿನಾ ಆತು, ಒಂದೂ ಯಾರೂ ಒಡದಿಲ್ಲ.