ಎವಿಯಾನ್: ಸರೋವರದ ದಡದ ಪಟ್ಟಣ ಮತ್ತು ಅಲ್ಜೀರಿಯಾದ ಬಿಡುಗಡೆ

ಎವಿಯಾನ್ ಎಂಬ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಪರಿಚಯವಾದದ್ದು ನೀರಿನ ಬಾಟಲಿಯ ಮೂಲಕ. ವಿಮಾನ ನಿಲ್ದಾಣಗಳಲ್ಲಿಯೂ ಕೊಲ್ಲಿ ರಾಷ್ಟ್ರಗಳ ದೊಡ್ಡ ಹೋಟೆಲುಗಳಲ್ಲಿಯೂ ಅದನ್ನು ಕಂಡವರಿದ್ದಾರೆ. ಬೆಲೆ ಕೇಳಿ ಮರಳಿ ಇಟ್ಟವರೂ ಇದ್ದಾರೆ. ಆ ಹೆಸರಿನದೊಂದು ಊರಿದೆ ಎಂಬುದೂ, ಒಂದು ಮುಸ್ಲಿಮ್ ರಾಷ್ಟ್ರದ 132 ವರ್ಷಗಳ ದಾಸ್ಯದ ಅಂತ್ಯಕ್ಕೆ ಸಹಿ ಬಿದ್ದದ್ದು ಅದೇ ಊರಿನಲ್ಲಿ ಎಂಬುದೂ ನಮ್ಮ ಮನೆಗಳಲ್ಲಿ ಅಷ್ಟಾಗಿ ತಿಳಿದಿಲ್ಲ.

ಫ್ರಾನ್ಸಿನ ಪೂರ್ವದಂಚಿನಲ್ಲಿ, ಲೆಮಾನ್ ಸರೋವರದ ದಕ್ಷಿಣ ದಡದಲ್ಲಿ ಈ ಪಟ್ಟಣವಿದೆ. ಜಿನೀವಾ ಸರೋವರ ಎಂದು ನಾವು ಭೂಗೋಳದಲ್ಲಿ ಓದಿದ್ದು ಇದನ್ನೇ. ಸುಮಾರು 580 ಚದರ ಕಿಲೋಮೀಟರ್ ವಿಸ್ತಾರದ, ಅತಿ ಆಳದಲ್ಲಿ 310 ಮೀಟರ್ ಇಳಿಯುವ ಜಲರಾಶಿ ಅದು. ಊರಿನ ಬೆನ್ನಿಗೆ ಆಲ್ಪ್ಸ್ ಪರ್ವತಗಳು. ಅವುಗಳಲ್ಲಿ ದಾನ್ ದೋಶ್ ಎಂಬ ಶಿಖರ 2,200 ಮೀಟರನ್ನೂ ಮೀರುತ್ತದೆ. ಎದುರು ದಡದಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರ. ಜನಸಂಖ್ಯೆ ಒಂಬತ್ತು ಸಾವಿರದ ಆಸುಪಾಸು, ಅಂದರೆ ನಮ್ಮ ಕಡೆಯ ಒಂದು ದೊಡ್ಡ ಗ್ರಾಮದಷ್ಟು. ಬೆಟ್ಟದ ಮೇಲೆ ಬಿದ್ದ ಮಳೆ ಮತ್ತು ಹಿಮದ ನೀರು ಹಿಮನದಿಗಳು ಬಿಟ್ಟುಹೋದ ಮರಳಿನ ಪದರಗಳಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಸೋಸಿ ಇಲ್ಲಿ ಚಿಲುಮೆಯಾಗಿ ಹೊರಬರುತ್ತದೆ. 1789ರಲ್ಲಿ ಮೂತ್ರಪಿಂಡದ ಕಲ್ಲಿನಿಂದ ನರಳುತ್ತಿದ್ದ ಒಬ್ಬ ಶ್ರೀಮಂತ ಆ ನೀರನ್ನು ಕುಡಿದು ಗುಣಮುಖನಾದನೆಂಬ ಕಥೆಯಿಂದ ಊರಿನ ಖ್ಯಾತಿ ಆರಂಭವಾಯಿತು. ಆಗ ಇದು ಸವೊಯ್ ಸಂಸ್ಥಾನದ ಭಾಗ. 1860ರಲ್ಲಿ ಸವೊಯ್ ಫ್ರಾನ್ಸಿಗೆ ಸೇರಿತು. ಬಳಿಕ ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಕಾಲದಲ್ಲಿ ಊರಿಗೆ 'ಎವಿಯಾನ್ ಲೆ ಬಾನ್' ಎಂಬ ಹೆಸರಾಯಿತು. 'ಸ್ನಾನದ ಎವಿಯಾನ್' ಎಂಬುದು ಅದರ ತಾತ್ಪರ್ಯ. ಹೋಟೆಲುಗಳು, ಜೂಜಿನ ಕ್ಯಾಸಿನೊ, ಬೆಟ್ಟ ಹತ್ತಿಸುವ ಹಗ್ಗದ ರೈಲು ಒಂದೊಂದಾಗಿ ಬಂದವು. ಇಂಗ್ಲೆಂಡಿನ ಏಳನೆಯ ಎಡ್ವರ್ಡ್ ದೊರೆಗೆಂದು ಕಟ್ಟಿದ ರಾಯಲ್ ಹೋಟೆಲು 1909ರಲ್ಲಿ ಬಾಗಿಲು ತೆರೆಯಿತು. ದೊರೆ ಅಲ್ಲಿ ತಂಗುವ ಮೊದಲೇ ಮರಣ ಹೊಂದಿದ.

ಇದೇ ಮೂರನೆಯ ನೆಪೋಲಿಯನ್ 1865ರಲ್ಲಿ ಅಲ್ಜೀರಿಯಾಕ್ಕೆ ಸಂಬಂಧಿಸಿದ ಒಂದು ಕಾನೂನನ್ನು ಹೊರಡಿಸಿದ್ದನು. ಅದರ ಪ್ರಕಾರ ಅಲ್ಜೀರಿಯಾದ ಮುಸ್ಲಿಮನು ಫ್ರಾನ್ಸಿನ ಪ್ರಜೆ, ಆದರೆ ಪೂರ್ಣ ಪೌರನಲ್ಲ. ಪೌರತ್ವ ಬೇಕಿದ್ದರೆ ವಿವಾಹ, ಉತ್ತರಾಧಿಕಾರ ಮೊದಲಾದ ವಿಷಯಗಳಲ್ಲಿ ಶರೀಅತ್ತಿನ ವೈಯಕ್ತಿಕ ಕಾನೂನನ್ನು ತೊರೆಯಬೇಕಿತ್ತು. ತೊರೆದವರು ಅತ್ಯಲ್ಪ. ಹೀಗಾಗಿ ತಮ್ಮದೇ ನೆಲದಲ್ಲಿ ಬಹುಸಂಖ್ಯಾತರಾಗಿದ್ದವರು ಹಕ್ಕುಗಳಲ್ಲಿ ಹೊರಗಿನವರಾಗಿಯೇ ಉಳಿದರು. 1950ರ ದಶಕಕ್ಕೆ ಬರುವಾಗ ಅಲ್ಲಿ ಸುಮಾರು 90 ಲಕ್ಷ ಮುಸ್ಲಿಮರಿದ್ದರು, ಸುಮಾರು 10 ಲಕ್ಷ ಯುರೋಪಿಯನ್ ವಲಸಿಗರಿದ್ದರು. ಒಳ್ಳೆಯ ಜಮೀನು, ಅಧಿಕಾರ, ನ್ಯಾಯಾಲಯ ಎಲ್ಲವೂ ಎರಡನೆಯವರ ಕೈಯಲ್ಲಿ. ಅಲ್ಜಿಯರ್ಸಿನ ಕೆಚಾವಾ ಮಸೀದಿಯನ್ನು 1832ರಲ್ಲಿಯೇ ವಶಪಡಿಸಿಕೊಂಡು ಚರ್ಚ್ ಆಗಿ ಪರಿವರ್ತಿಸಲಾಗಿತ್ತು. ಅಮೀರ್ ಅಬ್ದುಲ್ ಕಾದಿರ್ ಹದಿನೈದು ವರ್ಷ ಹೋರಾಡಿ 1847ರಲ್ಲಿ ಸೆರೆಯಾದರು. 1931ರಲ್ಲಿ ಶೈಖ್ ಅಬ್ದುಲ್ ಹಮೀದ್ ಬಿನ್ ಬಾದೀಸ್ ಉಲಮಾಗಳ ಸಂಘವನ್ನು ಕಟ್ಟಿ ಅರಬಿ ಭಾಷೆಯನ್ನೂ ದೀನೀ ಶಿಕ್ಷಣವನ್ನೂ ಮರಳಿ ನೆಲೆಗೊಳಿಸಲು ಶ್ರಮಿಸಿದರು. 1954ರ ನವೆಂಬರ್ 1ರಂದು ರಾಷ್ಟ್ರೀಯ ವಿಮೋಚನಾ ರಂಗವು ಸಶಸ್ತ್ರ ಹೋರಾಟವನ್ನು ಆರಂಭಿಸಿತು.

ಆ ಯುದ್ಧದ ಕ್ರೌರ್ಯವನ್ನು ಇಲ್ಲಿ ವಿಸ್ತರಿಸಲು ಹೋಗುವುದಿಲ್ಲ. ನಾವು ಕೇಳಬಯಸುವ ಪ್ರಶ್ನೆ ಬೇರೆ: ಅಷ್ಟು ರಕ್ತ ಹರಿದ ಮೇಲೆ ಎರಡು ಪಕ್ಷಗಳು ಒಂದೇ ಮೇಜಿಗೆ ಬಂದದ್ದು ಹೇಗೆ, ಮತ್ತು ಆ ಮೇಜು ಈ ಪುಟ್ಟ ವಿಹಾರ ಪಟ್ಟಣದಲ್ಲಿಯೇ ಏಕಿತ್ತು?

ಉತ್ತರವು ಸರೋವರದಲ್ಲಿದೆ. ಫ್ರಾನ್ಸಿಗೆ ಅಲ್ಜೀರಿಯಾದ ಪ್ರಶ್ನೆ ತನ್ನ ಮನೆಯೊಳಗಿನ ವಿಷಯ. ಪರದೇಶದ ನೆಲದಲ್ಲಿ ಕುಳಿತು ಮಾತನಾಡಿದರೆ ಅಲ್ಜೀರಿಯಾ ಬೇರೆ ದೇಶವೆಂದು ಮೊದಲೇ ಒಪ್ಪಿದಂತಾಗುತ್ತಿತ್ತು. ಅಲ್ಜೀರಿಯಾದ ಪ್ರತಿನಿಧಿಗಳಿಗಾದರೋ ಫ್ರಾನ್ಸಿನ ನೆಲದಲ್ಲಿ, ಫ್ರೆಂಚ್ ಪೊಲೀಸರ ಕಾವಲಿನಲ್ಲಿ ಮಲಗುವುದು ಸಮ್ಮತವಿರಲಿಲ್ಲ. 1960ರ ಜೂನ್‌ನಲ್ಲಿ ಪ್ಯಾರಿಸಿನ ಬಳಿಯ ಮೆಲಾನ್‌ನಲ್ಲಿ ಅವರ ದೂತರನ್ನು ಹೊರಜಗತ್ತಿನೊಂದಿಗೆ ಸಂಪರ್ಕವಿಲ್ಲದಂತೆ ಇರಿಸಲಾಗಿತ್ತು. ಆ ಮಾತುಕತೆ ಮುರಿದು ಬಿದ್ದಿತ್ತು. ಸ್ವಿಸ್ ರಾಜತಾಂತ್ರಿಕ ಒಲಿವಿಯೆ ಲಾಂಗ್ ಎರಡೂ ಕಡೆಯವರ ನಡುವೆ ಗುಟ್ಟಾಗಿ ಓಡಾಡಿದರು. ಕೊನೆಗೆ ಕಂಡ ದಾರಿ ಇದು: ಮಾತುಕತೆ ಫ್ರಾನ್ಸಿನ ಎವಿಯಾನ್‌ನಲ್ಲಿ, ಅಲ್ಜೀರಿಯನ್ನರ ವಾಸ ಎದುರಿನ ಸ್ವಿಟ್ಜರ್ಲೆಂಡಿನಲ್ಲಿ. ಬೆಳಿಗ್ಗೆ ಹೆಲಿಕಾಪ್ಟರಿನಲ್ಲಿಯೋ ದೋಣಿಯಲ್ಲಿಯೋ ನೀರು ದಾಟಿ ಬರುವುದು, ಸಂಜೆ ಮರಳುವುದು. ಮೊದಲ ಸುತ್ತಿನಲ್ಲಿ ಅವರು ತಂಗಿದ್ದ ಜಿನೀವಾ ಬಳಿಯ ಬಂಗಲೆ ಕತಾರಿನ ಅಮೀರರಿಗೆ ಸೇರಿದ್ದಾಗಿತ್ತು.

ಊರಿನ ಮೇಯರ್ ಕಮೀಲ್ ಬ್ಲಾಂ ಇದಕ್ಕೆ ಸಮ್ಮತಿಸಿದರು. ಅವರು ಸಮಾಜವಾದಿ, ನಾಜಿ ಆಕ್ರಮಣದ ಕಾಲದಲ್ಲಿ ಪ್ರತಿರೋಧ ಚಳವಳಿಯಲ್ಲಿದ್ದವರು, 1945ರಿಂದ ಮೇಯರ್ ಆಗಿದ್ದವರು. 1961ರ ಮಾರ್ಚ್ 30ರಂದು, ಏಪ್ರಿಲ್ 7ಕ್ಕೆ ಎವಿಯಾನ್‌ನಲ್ಲಿ ಮಾತುಕತೆ ಆರಂಭವಾಗುವುದೆಂದು ಪ್ರಕಟವಾಯಿತು. ಮರುದಿನ ಶುಕ್ರವಾರ, ನಸುಕಿಗೂ ಮುನ್ನ, ಪುರಭವನದ ಪಕ್ಕದ ಅವರ ಮನೆಯ ಬಳಿ ಬಾಂಬ್ ಸಿಡಿಯಿತು. ಮೇಯರ್ ಬದುಕುಳಿಯಲಿಲ್ಲ. ಕೊಂದದ್ದು ಓಎಎಸ್, ಅಲ್ಜೀರಿಯಾವನ್ನು ಬಿಟ್ಟುಕೊಡಬಾರದೆಂದು ಫ್ರೆಂಚ್ ಸೇನಾಧಿಕಾರಿಗಳೂ ವಲಸಿಗರೂ ಕಟ್ಟಿದ್ದ ಗುಪ್ತ ಸಂಘಟನೆ. ಬ್ಲಾಂ ಮಾತುಕತೆಯ ಪಕ್ಷವಾಗಿರಲಿಲ್ಲ, ಒಂದು ಷರತ್ತನ್ನೂ ಬರೆದಿರಲಿಲ್ಲ. ಶತ್ರುಗಳಿಬ್ಬರು ಮಾತನಾಡಲು ತನ್ನ ಊರಿನಲ್ಲಿ ಸ್ಥಳವಿದೆ ಎಂದು ಹೇಳಿದ್ದೇ ಅವರ ಅಪರಾಧ. ಅಲ್ಜೀರಿಯಾದ ಹುತಾತ್ಮರ ಹೆಸರುಗಳನ್ನು ಗೌರವದಿಂದ ಸ್ಮರಿಸುವ ನಾವು ಈ ಫ್ರೆಂಚ್ ಮನುಷ್ಯನ ಹೆಸರನ್ನೂ ತಿಳಿದಿರಬೇಕೆಂದು ಭಾವಿಸುತ್ತೇವೆ.

ಊರು ಹಿಂದೆಗೆಯಲಿಲ್ಲ. ಏಪ್ರಿಲ್‌ನಲ್ಲಿ ನಾಲ್ವರು ಸೇನಾನಿಗಳು ಅಲ್ಜಿಯರ್ಸಿನಲ್ಲಿ ದಂಗೆಯೆದ್ದು ಕೆಲವೇ ದಿನಗಳಲ್ಲಿ ಸೋತರು. ಮೇ 20ರಂದು ಎವಿಯಾನ್‌ನ ಪಾರ್ಕ್ ಹೋಟೆಲಿನಲ್ಲಿ ಮೊದಲ ಸುತ್ತು ಆರಂಭವಾಯಿತು. ಫ್ರಾನ್ಸಿನ ಪರವಾಗಿ ಸಚಿವ ಲೂಯಿ ಜೋಕ್ಸ್. ಅಲ್ಜೀರಿಯಾದ ಪರವಾಗಿ ಕ್ರೀಮ್ ಬೆಲ್ಕಾಸಿಮ್, ಕಬೀಲಿಯಾದ ಬೆಟ್ಟಗಳಲ್ಲಿ 1947ರಿಂದಲೇ ಭೂಗತರಾಗಿ ಹೋರಾಡಿದವರು. ಮಾತು ಸಿಲುಕಿಕೊಂಡದ್ದು ಮುಖ್ಯವಾಗಿ ಸಹಾರಾದಲ್ಲಿ. 1956ರಲ್ಲಿ ಹಾಸಿ ಮಸೂದ್‌ನಲ್ಲಿ ಎಣ್ಣೆ ಸಿಕ್ಕಿತ್ತು. 1960ರಲ್ಲಿ ಅದೇ ಮರುಭೂಮಿಯ ರೆಗ್ಗಾನ್‌ನಲ್ಲಿ ಫ್ರಾನ್ಸ್ ತನ್ನ ಮೊದಲ ಅಣುಬಾಂಬನ್ನು ಸಿಡಿಸಿತ್ತು. ಸಹಾರಾ ಅಲ್ಜೀರಿಯಾದ ಭಾಗವೇ ಅಲ್ಲ ಎಂಬುದು ಫ್ರಾನ್ಸಿನ ವಾದ. ಉತ್ತರದ ಪಟ್ಟಿಯನ್ನಷ್ಟೇ ಪಡೆದು ಸ್ವಾತಂತ್ರ್ಯವನ್ನು ಬೇಗ ಮುಗಿಸಿಕೊಳ್ಳಬಹುದಾಗಿತ್ತು, ಅಲ್ಜೀರಿಯನ್ನರು ಒಪ್ಪಲಿಲ್ಲ. ಜೂನ್ 13ರಂದು ಮಾತುಕತೆ ನಿಂತಿತು. ಜುಲೈಯಲ್ಲಿ ಸಮೀಪದ ಲ್ಯುಗ್ರಾನ್‌ನಲ್ಲಿ ಮತ್ತೆ ಕುಳಿತರೂ ಫಲ ದೊರೆಯಲಿಲ್ಲ. ಸೆಪ್ಟೆಂಬರ್ 5ರಂದು ದ ಗಾಲ್ ಪತ್ರಿಕಾಗೋಷ್ಠಿಯಲ್ಲಿ ಸಹಾರಾದ ಮೇಲಿನ ಅಲ್ಜೀರಿಯಾದ ಹಕ್ಕನ್ನು ಮಾನ್ಯ ಮಾಡಿದರು. ಇಂದು ನಕ್ಷೆಯಲ್ಲಿ ಅಲ್ಜೀರಿಯಾ ಆಫ್ರಿಕಾದ ಅತಿ ದೊಡ್ಡ ದೇಶವಾಗಿ ಕಾಣುವುದು ಆ ಮೇಜಿನ ಬಳಿಯ ಹಟದಿಂದ.

ಆ ತಿಂಗಳುಗಳಲ್ಲಿ ಬೆಲೆ ತೆತ್ತವರು ಬೇರೆಯವರು. ಅಕ್ಟೋಬರ್ 17ರ ರಾತ್ರಿ ಪ್ಯಾರಿಸಿನಲ್ಲಿ, ತಮ್ಮ ಮೇಲೆ ಮಾತ್ರ ಹೇರಿದ್ದ ಕರ್ಫ್ಯೂವನ್ನು ವಿರೋಧಿಸಿ ಬರಿಗೈಯಲ್ಲಿ ಮೆರವಣಿಗೆ ಹೊರಟ ಅಲ್ಜೀರಿಯನ್ ಕಾರ್ಮಿಕರನ್ನು ಪೊಲೀಸರು ಕೊಂದರು. ಹಲವರನ್ನು ಸೇನ್ ನದಿಗೆ ಎಸೆದರು.

1962ರ ಫೆಬ್ರವರಿಯಲ್ಲಿ ಜೂರಾ ಬೆಟ್ಟಗಳ ಲೆ ರೂಸ್ ಎಂಬಲ್ಲಿ ಗುಪ್ತ ಸಭೆ ನಡೆಯಿತು. ಹಿಜರಿ 1381ರ ರಮದಾನ್ ತಿಂಗಳದು. ಹೊರಗೆ ಹಿಮ, ಒಳಗೆ ಕರಡು ಒಪ್ಪಂದ. ಮಾರ್ಚ್ 7ರಂದು, ಈದುಲ್ ಫಿತ್ರ್‌ನ ಆಸುಪಾಸಿನಲ್ಲಿ, ಎವಿಯಾನ್‌ನಲ್ಲಿ ಅಂತಿಮ ಸುತ್ತು ಆರಂಭವಾಯಿತು. ಮಾರ್ಚ್ 18ರಂದು 93 ಪುಟಗಳ ದಾಖಲೆಗೆ ಸಹಿ ಬಿತ್ತು. ಫ್ರಾನ್ಸಿನ ಪರವಾಗಿ ಮೂವರು ಸಹಿ ಮಾಡಿದರು, ಅಲ್ಜೀರಿಯಾದ ಪರವಾಗಿ ಕ್ರೀಮ್ ಬೆಲ್ಕಾಸಿಮ್ ಒಬ್ಬರೇ. ಮರುದಿನ ಮಧ್ಯಾಹ್ನ ಕದನ ವಿರಾಮ.

ಒಪ್ಪಂದವು ಎಲ್ಲರಿಗೂ ರುಚಿಸಿರಲಿಲ್ಲ. ಮೆರ್ಸ್ ಅಲ್ ಕಬೀರ್ ನೌಕಾನೆಲೆ ಹದಿನೈದು ವರ್ಷ ಫ್ರಾನ್ಸಿನ ಬಳಿ ಉಳಿಯಬೇಕಿತ್ತು. ಸಹಾರಾದ ಪರೀಕ್ಷಾ ಕೇಂದ್ರಗಳು ಐದು ವರ್ಷ. ಎಣ್ಣೆಯಲ್ಲಿ ಫ್ರೆಂಚ್ ಕಂಪನಿಗಳಿಗೆ ಆದ್ಯತೆ. ಸೇನಾ ಮುಖ್ಯಸ್ಥ ಹುವಾರಿ ಬೂಮದ್ಯನ್ ಕರಡಿನ ವಿರುದ್ಧ ಮತ ಚಲಾಯಿಸಿದ್ದರು. ಹಿಜರಿ 6ರ ಹುದೈಬಿಯಾ ಸಂಧಿಯ ವೃತ್ತಾಂತವನ್ನು ಮನೆಗಳಲ್ಲಿ ಕೇಳಿ ಬೆಳೆದ ನಮಗೆ ಈ ಅಸಮಾಧಾನ ಅಪರಿಚಿತವಲ್ಲ. ಅಂದು ಪ್ರವಾದಿಯವರ (ಸ) ಆಪ್ತ ಸಹಾಬಿಗಳಿಗೂ ಷರತ್ತುಗಳು ನೋವು ತಂದಿದ್ದವು. ಎರಡೇ ವರ್ಷಗಳಲ್ಲಿ ಮಕ್ಕಾ ತೆರೆದುಕೊಂಡಿತು. ಮನುಷ್ಯರ ರಾಜಕೀಯ ಒಪ್ಪಂದವನ್ನು ಅದಕ್ಕೆ ಸಮಾನವೆನ್ನುವುದು ನಮ್ಮ ಉದ್ದೇಶವಲ್ಲ. ಆದರೆ ನಡೆದದ್ದನ್ನು ನೋಡಬೇಕು: ಫ್ರಾನ್ಸ್ ನೌಕಾನೆಲೆಯನ್ನು 1968ರಲ್ಲಿಯೇ ಬಿಟ್ಟುಹೋಯಿತು. 1971ರಲ್ಲಿ ಅಲ್ಜೀರಿಯಾ ತನ್ನ ಎಣ್ಣೆಯ ಮೇಲೆ ಹಿಡಿತ ಸಾಧಿಸಿತು, ಅದೂ ಒಪ್ಪಂದವನ್ನು ವಿರೋಧಿಸಿದ್ದ ಬೂಮದ್ಯನ್ ಅವರ ಆಡಳಿತದಲ್ಲಿ.

ಮುರಿದ ಮಾತುಗಳೂ ಇವೆ. ಅವನ್ನು ಮುಚ್ಚಿಡುವುದು ನ್ಯಾಯವಲ್ಲ. ಒಪ್ಪಂದದ ಬಳಿಕ ಓಎಎಸ್ ಅಲ್ಜೀರಿಯಾದ ಬೀದಿಗಳಲ್ಲಿ ಮುಸ್ಲಿಮರನ್ನು ಕೊಲ್ಲುತ್ತಾ ಹೋಯಿತು. ಜೂನ್ 7ರಂದು ಅಲ್ಜಿಯರ್ಸ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಸುಟ್ಟಿತು. ಇತ್ತ, ಹಿಂದಿನ ನಡತೆಗಾಗಿ ಯಾರ ಮೇಲೂ ಸೇಡು ತೀರಿಸುವುದಿಲ್ಲವೆಂದು ವಿಮೋಚನಾ ರಂಗವು ಒಪ್ಪಿತ್ತು. ಆದರೂ ಫ್ರೆಂಚ್ ಸೇನೆಯಲ್ಲಿ ದುಡಿದಿದ್ದ ಹರ್ಕಿಗಳೆಂಬ ಮುಸ್ಲಿಮರನ್ನು ಸಾವಿರಗಟ್ಟಲೆ ಕೊಲ್ಲಲಾಯಿತು. ಅವರಿಂದ ದುಡಿಸಿಕೊಂಡಿದ್ದ ಫ್ರಾನ್ಸ್ ಅವರಲ್ಲಿ ಹೆಚ್ಚಿನವರಿಗೆ ಹಡಗು ಹತ್ತಲು ಬಿಡಲಿಲ್ಲ. ಯುರೋಪಿಯನ್ ವಲಸಿಗರಲ್ಲಿ ಬಹುಪಾಲು ಜನ ಆ ಒಂದೇ ವರ್ಷದಲ್ಲಿ ಸಮುದ್ರ ದಾಟಿದರು. ಕರಾರಿಗೆ ಬದ್ಧರಾಗಿರಬೇಕೆಂಬ ದೀನಿನ ಆಜ್ಞೆಯನ್ನು ಬಲ್ಲವರು ಹರ್ಕಿಗಳ ಕೊಲೆಯನ್ನು ಯುದ್ಧದ ಲೆಕ್ಕಕ್ಕೆ ಸೇರಿಸಿ ಕೈತೊಳೆದುಕೊಳ್ಳಲಾಗದು.

ಎವಿಯಾನ್‌ನಲ್ಲಿ ಇದಕ್ಕೂ ಮೊದಲು ಇನ್ನೊಂದು ಸಮ್ಮೇಳನ ಸೇರಿತ್ತು. 1938ರ ಜುಲೈ 6ರಿಂದ 15ರವರೆಗೆ, ಅದೇ ರಾಯಲ್ ಹೋಟೆಲಿನಲ್ಲಿ, ಹಿಟ್ಲರನಿಂದ ಓಡಿಬರುತ್ತಿದ್ದ ಯಹೂದಿ ನಿರಾಶ್ರಿತರ ಬಗ್ಗೆ 32 ದೇಶಗಳು ಚರ್ಚಿಸಿದವು. ಒಬ್ಬರ ಹಿಂದೊಬ್ಬರು ಅನುಕಂಪ ಸೂಚಿಸಿ, ಸ್ಥಳವಿಲ್ಲವೆಂದು ಕುಳಿತರು; ದೊಡ್ಡ ಸಂಖ್ಯೆಯಲ್ಲಿ ಸ್ವೀಕರಿಸಲು ಮುಂದಾದದ್ದು ಪುಟ್ಟ ಡೊಮಿನಿಕನ್ ಗಣರಾಜ್ಯವೊಂದೇ. ಮುಂದೆ ಜರ್ಮನ್ ಆಕ್ರಮಿತ ಅಲ್ಬೇನಿಯಾದಲ್ಲಿ ಬಡ ಮುಸ್ಲಿಮ್ ಕುಟುಂಬಗಳು ಯಹೂದಿಗಳನ್ನು ತಮ್ಮ ಮನೆಗಳಲ್ಲಿ ಅಡಗಿಸಿ ಕಾಪಾಡಿದವು. ಸಿರಿವಂತ ರಾಷ್ಟ್ರಗಳು ಅಂದು ಮುಚ್ಚಿದ ಬಾಗಿಲುಗಳ ಪರಿಣಾಮವನ್ನು ಮೊದಲು ಯುರೋಪಿನ ಯಹೂದಿಗಳು ಅನುಭವಿಸಿದರು. ಹತ್ತು ವರ್ಷಗಳ ಬಳಿಕ, ಆ ಸಭೆಯಲ್ಲಿ ಕುರ್ಚಿಯೇ ಇಲ್ಲದಿದ್ದ ಫಲಸ್ತೀನಿಯರೂ ಅದರ ಬೆಲೆ ತೆತ್ತರು ಎಂಬುದು ನಮ್ಮ ಅಭಿಪ್ರಾಯ.

ಅಲ್ಜೀರಿಯಾದಲ್ಲಿ 1962ರ ಜುಲೈ 1ರ ಜನಮತ ಸಂಗ್ರಹದಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಮತಗಳು ಸ್ವಾತಂತ್ರ್ಯದ ಪರವಾಗಿ ಬಿದ್ದವು. ಜುಲೈ 3ರಂದು ಫ್ರಾನ್ಸ್ ಅದನ್ನು ಮಾನ್ಯ ಮಾಡಿತು. ಅಲ್ಜೀರಿಯನ್ನರು ಆಚರಣೆಗೆ ಆರಿಸಿಕೊಂಡದ್ದು ಜುಲೈ 5ನ್ನು. 1830ರಲ್ಲಿ ಅಲ್ಜಿಯರ್ಸ್ ಶರಣಾದದ್ದು ಅದೇ ದಿನ. ನವೆಂಬರ್ 2ರ ಶುಕ್ರವಾರ ಕೆಚಾವಾ ಮಸೀದಿಯಲ್ಲಿ ಮತ್ತೆ ಜುಮಾ ನಡೆಯಿತು. ಬಿನ್ ಬಾದೀಸರ ಒಡನಾಡಿಯಾಗಿದ್ದ ವೃದ್ಧ ವಿದ್ವಾಂಸ ಶೈಖ್ ಬಶೀರ್ ಇಬ್ರಾಹೀಮಿ ಖುತ್ಬಾ ನೀಡಿದರು.

ಸಹಿ ಮಾಡಿದ ಕ್ರೀಮ್ ಬೆಲ್ಕಾಸಿಮ್ ಹೊಸ ಆಡಳಿತಗಾರರೊಂದಿಗೆ ಹೊಂದಿಕೊಳ್ಳಲಾಗದೆ ದೇಶ ಬಿಟ್ಟರು. 1970ರ ಅಕ್ಟೋಬರ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಹೋಟೆಲೊಂದರಲ್ಲಿ ಕೊಲೆಯಾದರು. ಅವರ ನಿಯೋಗದಲ್ಲಿದ್ದ ಮುಹಮ್ಮದ್ ಸಿದ್ದೀಕ್ ಬಿನ್ ಯಹ್ಯಾ ಎವಿಯಾನ್‌ನಲ್ಲಿ ಸಹಿ ಬಿದ್ದಾಗ ಮೂವತ್ತು ವರ್ಷದವರು. ಮುಂದೆ ವಿದೇಶಾಂಗ ಸಚಿವರಾಗಿ ತೆಹರಾನಿನಲ್ಲಿ ಸೆರೆಯಲ್ಲಿದ್ದ 52 ಅಮೆರಿಕನ್ನರ ಬಿಡುಗಡೆಗೆ 1981ರಲ್ಲಿ ಮಧ್ಯಸ್ಥಿಕೆ ವಹಿಸಿದರು. ಅದೇ ವರ್ಷ ಮಾಲಿ ದೇಶದಲ್ಲಿ ನಡೆದ ವಿಮಾನ ಅಪಘಾತದಲ್ಲಿ ಬದುಕುಳಿದರು. ಆಗ ಇರಾಕ್ ಮತ್ತು ಇರಾನ್ ನಡುವೆ ಯುದ್ಧ ನಡೆಯುತ್ತಿತ್ತು. 1982ರ ಮೇ 3ರಂದು, ಆ ಎರಡು ಮುಸ್ಲಿಮ್ ದೇಶಗಳನ್ನು ಮಾತಿಗೆ ಕೂರಿಸಲೆಂದು ತೆಹರಾನಿಗೆ ಹೊರಟಿದ್ದ ಅವರ ವಿಮಾನವನ್ನು ಗಡಿಯ ಬಳಿ ಹೊಡೆದುರುಳಿಸಲಾಯಿತು. ವಿಮಾನದಲ್ಲಿದ್ದ ಯಾರೂ ಉಳಿಯಲಿಲ್ಲ.