ಬೆಳ್ಳುಳ್ಳಿಯ ಗಂಧಕಯುಕ್ತ ಸಂಯುಕ್ತಗಳು ಮತ್ತು ರಕ್ತದ ಕೊಲೆಸ್ಟ್ರಾಲ್

ಬೆಳ್ಳುಳ್ಳಿಯು ರಕ್ತದ ಕೊಬ್ಬನ್ನು ಕರಗಿಸುತ್ತದೆ ಎಂಬ ನಂಬಿಕೆ ಜನರಲ್ಲಿ ಬೇರೂರಿದೆ. ಇದನ್ನೇ ನಂಬಿ ವೈದ್ಯರು ನೀಡಿದ ಮಾತ್ರೆಗಳನ್ನು ನಿಲ್ಲಿಸಿದರೆ ಹೃದಯಾಘಾತದ ಅಪಾಯ ಹೆಚ್ಚುತ್ತದೆ. ಆದುದರಿಂದ ಬೆಳೆಗಾರರೂ ವಿಸ್ತರಣಾ ಕಾರ್ಯಕರ್ತರೂ ಈ ವಿಷಯವನ್ನು ಸರಿಯಾಗಿ ಅರಿತಿರುವುದು ಅವಶ್ಯಕ.

ಪ್ರಮುಖ ಸಂಯುಕ್ತಗಳು

ಇಡಿಯಾದ ಎಸಳಿನಲ್ಲಿ ‘ಅಲಿಯಿನ್’ ಎಂಬ ಗಂಧಕಯುಕ್ತ ಪದಾರ್ಥವೂ ‘ಅಲಿನೇಸ್’ ಎಂಬ ಕಿಣ್ವವೂ ಬೇರೆ ಬೇರೆಯಾಗಿರುತ್ತವೆ. ಎಸಳನ್ನು ಜಜ್ಜಿದಾಗ ಇವೆರಡೂ ಬೆರೆತು ‘ಅಲಿಸಿನ್’ ಉಂಟಾಗುತ್ತದೆ. ಬೆಳ್ಳುಳ್ಳಿಯ ಘಾಟು ವಾಸನೆಗೆ ಇದೇ ಮುಖ್ಯ ಕಾರಣ. ಅಲಿಸಿನ್ ಸ್ಥಿರವಲ್ಲ, ಅದು ಬೇಗನೆ ಡೈಅಲೈಲ್ ಡೈಸಲ್ಫೈಡ್, ಅಜೋಯೀನ್ ಮುಂತಾದವುಗಳಾಗಿ ಮಾರ್ಪಡುತ್ತದೆ. ಯಕೃತ್ತಿನ ಜೀವಕೋಶಗಳ ಮೇಲೆ ಪ್ರಯೋಗಾಲಯದಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಇಂತಹ ಕೆಲವು ಸಂಯುಕ್ತಗಳು ಕೊಲೆಸ್ಟ್ರಾಲ್ ಉತ್ಪಾದನೆಯನ್ನು ತಗ್ಗಿಸಿರುವುದು ಕಂಡುಬಂದಿದೆ.

ಮನುಷ್ಯರಲ್ಲಿ ಕಂಡುಬಂದ ಪರಿಣಾಮ

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) ಸಾಧಾರಣವಾಗಿ ಹೆಚ್ಚಿದ್ದ 192 ಜನರಿಗೆ 6 ತಿಂಗಳ ಕಾಲ ಹಸಿ ಬೆಳ್ಳುಳ್ಳಿ, ಬೆಳ್ಳುಳ್ಳಿ ಪುಡಿಯ ಮಾತ್ರೆ, ಮಾಗಿಸಿದ ಬೆಳ್ಳುಳ್ಳಿ ಸಾರದ ಮಾತ್ರೆ ಅಥವಾ ಔಷಧಾಂಶವಿಲ್ಲದ ಹುಸಿ ಮಾತ್ರೆ ನೀಡಲಾಯಿತು. ಯಾವ ರೂಪದ ಬೆಳ್ಳುಳ್ಳಿಯಿಂದಲೂ ಎಲ್‌ಡಿಎಲ್ ಗಣನೀಯವಾಗಿ ಇಳಿಯಲಿಲ್ಲ.

39 ಪ್ರಯೋಗಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಕೊಲೆಸ್ಟ್ರಾಲ್ ಹೆಚ್ಚಿದ್ದವರು 2 ತಿಂಗಳಿಗಿಂತ ಹೆಚ್ಚು ಕಾಲ ಬೆಳ್ಳುಳ್ಳಿಯನ್ನು ಬಳಸಿದಾಗ, ಪ್ರತಿ ಡೆಸಿಲೀಟರ್ ರಕ್ತಕ್ಕೆ ಒಟ್ಟು ಕೊಲೆಸ್ಟ್ರಾಲ್ ಸರಾಸರಿ 17 ಮಿ.ಗ್ರಾಂ., ಎಲ್‌ಡಿಎಲ್ ಸುಮಾರು 9 ಮಿ.ಗ್ರಾಂ. ಇಳಿದಿತ್ತು. ಟ್ರೈಗ್ಲಿಸರೈಡ್‌ನಲ್ಲಿ ಗಮನಾರ್ಹ ಬದಲಾವಣೆಯಾಗಲಿಲ್ಲ. ವೈದ್ಯರು ನೀಡುವ ಸ್ಟ್ಯಾಟಿನ್ ಮಾತ್ರೆಗಳು ಎಲ್‌ಡಿಎಲ್ ಅನ್ನು ಸಾಮಾನ್ಯವಾಗಿ ಶೇ. 30 ಅಥವಾ ಅದಕ್ಕೂ ಹೆಚ್ಚು ಇಳಿಸುತ್ತವೆ. ಆದ್ದರಿಂದ ಬೆಳ್ಳುಳ್ಳಿ ಪೂರಕ ಆಹಾರವೇ ಹೊರತು ಮಾತ್ರೆಗೆ ಬದಲಿಯಲ್ಲ.

ಬಳಸುವ ಕ್ರಮ

• ಎಸಳನ್ನು ಜಜ್ಜಿ ಸುಮಾರು 10 ನಿಮಿಷ ಬಿಟ್ಟು ನಂತರ ಒಗ್ಗರಣೆಗೆ ಹಾಕಿರಿ. ಇಡಿಯಾಗಿ ಬೇಯಿಸಿದರೆ ಶಾಖದಿಂದ ಕಿಣ್ವ ನಿಷ್ಕ್ರಿಯಗೊಂಡು ಅಲಿಸಿನ್ ಉಂಟಾಗುವುದು ಕಡಿಮೆಯಾಗುತ್ತದೆ.
• ಕರಿದ ತಿನಿಸು, ವನಸ್ಪತಿ ಹಾಗೂ ತಂಬಾಕನ್ನು ಬಿಡದೆ ಬೆಳ್ಳುಳ್ಳಿಯೊಂದರಿಂದಲೇ ಪ್ರಯೋಜನವನ್ನು ನಿರೀಕ್ಷಿಸಬೇಡಿರಿ.

ಎಚ್ಚರಿಕೆಗಳು

• ಬೆಳ್ಳುಳ್ಳಿಯು ರಕ್ತ ಹೆಪ್ಪುಗಟ್ಟುವಿಕೆಯನ್ನು ತಗ್ಗಿಸಬಲ್ಲದು. ವಾರ್ಫರಿನ್, ಆಸ್ಪಿರಿನ್ ಮುಂತಾದ ಮಾತ್ರೆ ಸೇವಿಸುವವರು ಹಾಗೂ ಶಸ್ತ್ರಚಿಕಿತ್ಸೆಗೆ ಒಳಗಾಗುವವರು ಹಸಿ ಬೆಳ್ಳುಳ್ಳಿಯನ್ನು ಹೆಚ್ಚಾಗಿ ತಿನ್ನುವ ಅಥವಾ ಬೆಳ್ಳುಳ್ಳಿ ಮಾತ್ರೆ ಸೇವಿಸುವ ಮುನ್ನ ವೈದ್ಯರಿಗೆ ತಿಳಿಸಬೇಕು.
• ಖಾಲಿ ಹೊಟ್ಟೆಯಲ್ಲಿ ಹಸಿ ಎಸಳು ತಿಂದರೆ ಕೆಲವರಿಗೆ ಎದೆಯುರಿ ಉಂಟಾಗುತ್ತದೆ.
• ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡಬೇಡಿರಿ. ಗಾಳಿಯಾಡದ ಎಣ್ಣೆಯಲ್ಲಿ ಬಾಟುಲಿಸಂ ಎಂಬ ಮಾರಕ ವಿಷಬಾಧೆಗೆ ಕಾರಣವಾಗುವ ಸೂಕ್ಷ್ಮಾಣು ಬೆಳೆಯಬಹುದು.

ಬೆಳೆಗಾರರು ಮತ್ತು ಸಂಸ್ಕರಣೆದಾರರಿಗೆ

ಅಲಿಯಿನ್ ಗಂಧಕದಿಂದ ರೂಪುಗೊಳ್ಳುವುದರಿಂದ, ಮಣ್ಣು ಪರೀಕ್ಷೆಯಲ್ಲಿ ಗಂಧಕದ ಕೊರತೆ ಕಂಡುಬಂದರೆ ಶಿಫಾರಸಿನಂತೆ ಜಿಪ್ಸಂ ಅಥವಾ ಸಿಂಗಲ್ ಸೂಪರ್ ಫಾಸ್ಫೇಟ್ ಒದಗಿಸಿರಿ. ಕೊಯ್ಲಾದ ಗೆಡ್ಡೆಗಳನ್ನು ನೆರಳಿನಲ್ಲಿ ಒಣಗಿಸಿರಿ.

ಬೆಳ್ಳುಳ್ಳಿ ಪುಡಿ, ಉಪ್ಪಿನಕಾಯಿ ತಯಾರಿಸುವ ಸ್ವಸಹಾಯ ಸಂಘಗಳು ಪೊಟ್ಟಣದ ಮೇಲೆ ‘ಹೃದ್ರೋಗ ಗುಣಪಡಿಸುತ್ತದೆ’ ಎಂದು ಮುದ್ರಿಸಬಾರದು. ಆಹಾರ ಪದಾರ್ಥವು ರೋಗವನ್ನು ವಾಸಿಮಾಡುತ್ತದೆಂಬ ಪ್ರಚಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಲ್ಲಿ ಅವಕಾಶವಿಲ್ಲ.

ವಿಸ್ತರಣಾ ಕಾರ್ಯಕರ್ತರು ತರಬೇತಿಗಳಲ್ಲಿ ಇಷ್ಟನ್ನು ತಪ್ಪದೆ ತಿಳಿಸಬೇಕು: ಬೆಳ್ಳುಳ್ಳಿ ಅಡುಗೆಯಲ್ಲಿರಲಿ, ವೈದ್ಯರು ಬರೆದ ಮಾತ್ರೆಯನ್ನು ಅವರ ಸಲಹೆಯಿಲ್ಲದೆ ನಿಲ್ಲಿಸಬೇಡಿರಿ.