ಮಗ್ಗದ ಗೂಟ

ಮುರಗೋಡದಿಂದ ಮೂಡಣ ದಿಕ್ಕಿಗೆ ಸಾಗಿ, 1948ರವರೆಗೆ ಸಂಸ್ಥಾನವಾಗಿದ್ದ ರಾಮದುರ್ಗದ ಸೀಮೆಯನ್ನು ಹೊಕ್ಕವರು ಕುಣಿಮಗ್ಗದ ಮುಂದೆ ಗಳಿಗೆಹೊತ್ತು ನಿಂತರೆ, ಕಾಲನ್ನು ಕುಣಿಯೊಳಗಿಳಿಸಿ ಕುಳಿತ ನೇಕಾರನ ಕೈಯನ್ನೂ ಹಾಸಿನ ನಡುವೆ ಓಡಾಡುವ ಲಾಳಿಯನ್ನೂ ಕಾಣುವರಲ್ಲದೆ, ನೆಲದಲ್ಲಿ ನೆಟ್ಟ ಗೂಟವನ್ನು ಗಮನಿಸುವವರು ವಿರಳ. ತಾನು ಒಂದೆಳೆಯನ್ನೂ ನೇಯದ ಆ ಗೂಟದ ಉಪಕಾರವು, ಅದು ಸಡಿಲಿ ಹಾಸು ಜೋತ ದಿನವೇ ತಿಳಿಯತಕ್ಕದ್ದು.

ಜೀವಕೋಶದ ಚರಿತ್ರೆಯಲ್ಲಿಯೂ ಇಂಥ ಗೂಟವೊಂದುಂಟು. 1987ರಲ್ಲಿ ಯೀಸ್ಟನ್ನು ಪರೀಕ್ಷಿಸುತ್ತಿದ್ದ ವಿಜ್ಞಾನಿಗಳು, ಎಚ್ಚರಿಸುವ ಪ್ರೋಟೀನುಗಳಿಲ್ಲದಿದ್ದರೂ ವಂಶವಾಹಿಯೊಂದು ತಾನಾಗಿ ಎಚ್ಚೆತ್ತುದನ್ನು ಕಂಡು, ಅದನ್ನು ಅದುಮಿಟ್ಟಿದ್ದ ಬೇರೊಂದು ಪ್ರೋಟೀನು ಕೆಟ್ಟಿರಬೇಕೆಂದು ತರ್ಕಿಸಿದರು. ಸಿನ್3 ಎಂಬ ಆ ಪ್ರೋಟೀನು ಹೀಗೆ ತನ್ನ ಅಭಾವದಿಂದಲೇ ಪರಿಚಿತವಾಯಿತು.

ಡಿಎನ್‌ಎಯನ್ನು ಹಿಡಿಯುವ ಶಕ್ತಿಯಾಗಲಿ, ಕಿಣ್ವದ ಕಾರ್ಯವನ್ನು ನಡೆಸುವ ಶಕ್ತಿಯಾಗಲಿ ಸಿನ್3ಕ್ಕೆ ಸ್ವತಃ ಇಲ್ಲ. ಆದರೆ ವಂಶವಾಹಿಯ ನೆಲೆಯನ್ನು ಬಲ್ಲ ಪ್ರೋಟೀನನ್ನು ಒಂದು ಮಗ್ಗುಲಲ್ಲಿಯೂ, ಹಿಸ್ಟೋನೆಂಬ ಪ್ರೋಟೀನುಗಳ ಮೇಲಿನ ಅಸಿಟೈಲ್ ಗುಂಪುಗಳನ್ನು ಕಳಚುವ ಕಿಣ್ವವನ್ನು ಇನ್ನೊಂದು ಮಗ್ಗುಲಲ್ಲಿಯೂ ಅದು ಆತುಕೊಳ್ಳಲು, ಸಡಿಲವಾಗಿದ್ದ ವರ್ಣತಂತುವು ಬಿಗಿದು, ಆ ವಂಶವಾಹಿಯು ಮೌನ ತಾಳುವುದು. ಕಿಣ್ವದೊಡನಿರುವ ಈ ನಂಟು 1997ರಲ್ಲಿ ಬೆಳಕಿಗೆ ಬಂದಿತು.

ಮೈಸೂರಿನಲ್ಲಿ ಜನಿಸಿದ ಎಂ.ಆರ್.ಎಸ್. ರಾವ್ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಮ್ಮ ಶಿಷ್ಯರೊಡನೆ ಇಲಿಯ ವೃಷಣಕೋಶಗಳನ್ನು ಶೋಧಿಸಿ, ಪ್ರೋಟೀನನ್ನು ರಚಿಸದ ಎಂಆರ್‌ಎಚ್‌ಎಲ್ ಎಂಬ ಆರ್‌ಎನ್‌ಎಯು ಸಾಕ್ಸ್8 ವಂಶವಾಹಿಯನ್ನು ಅಡಗಿಸಿಡುವಲ್ಲಿ ಈ ಸಿನ್3ವೂ ಪಾಲುಗೊಳ್ಳುವುದನ್ನು 2017ರಲ್ಲಿ ತೋರಿಸಿಕೊಟ್ಟರು.

ಮನುಷ್ಯನಲ್ಲಿ ಈ ಗೂಟವು ಸಡಿಲಿದರೆ ಏನಾಗುವುದೆಂಬುದು ಅದರ ಹಿಂದಿನ ವರ್ಷವೇ ತಿಳಿದಿತ್ತು: ಈ ಪ್ರೋಟೀನಿನ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಮಗುವಿಗೆ ಮಾತು ತಡವಾಗುವುದು, ಕಲಿಕೆ ಹಿಂದೆ ಬೀಳುವುದು. ಈ ದೋಷವು ಬಹುಮಟ್ಟಿಗೆ ತಾಯಿತಂದೆಯರಲ್ಲಿರದೆ ಮಗುವಿನಲ್ಲಿಯೇ ಹೊಸತಾಗಿ ಹುಟ್ಟತಕ್ಕದ್ದು. ಸೋದರಮಾವನ ಮನೆಗೆ ಹೆಣ್ಣು ಕೊಡುವ ರೂಢಿಯುಳ್ಳ ನಮ್ಮ ಸೀಮೆಯಲ್ಲಿ, ಮಗು ಮಾತು ಕಲಿಯದಿದ್ದರೆ ಸಂಬಂಧವನ್ನೋ ತಾಯಿಯ ತವರನ್ನೋ ಹಳಿಯುವುದು ಸುಲಭ. ರಕ್ತಸಂಬಂಧದ ಮದುವೆಯಿಂದ ಬರುವ ರೋಗಗಳೂ ಇಲ್ಲದಿಲ್ಲ. ಆದರೂ ಹಾಸು ಜೋತಾಗ, ಬಲ್ಲ ನೇಕಾರನು ನೂಲನ್ನು ಬಯ್ಯುವ ಮುನ್ನ ಬಾಗಿ ಗೂಟವನ್ನೊಮ್ಮೆ ಅಲುಗಿಸಿ ನೋಡುವನು.